ಇಂಗ್ಲೀಷಿನ ಅಕ್ಷರಗಳೂ ಶಬ್ದಾನ್ವೇಷಣೆಯೂ

ಇಂಗ್ಲೀಷ್ ವರ್ಣಮಾಲೆಯಿಂದ ಆರು ಅಕ್ಷರಗಳನ್ನು ಆರಿಸಿಕೊಳ್ಳೋಣ: ಇ, ಐ, ಎಲ್, ಎನ್, ಎಸ್, ಟಿ. ಈ ಆರನ್ನೂ ಒಂದೊಂದು ಸಲ ಮಾತ್ರ ಉಪಯೋಗಿಸಿ ಕಟ್ಟಬಹುದಾದ ಶಬ್ದಗಳು ಯಾವುವು? ಆಕಾಶವಾಣಿಯ ಮುಂದೆ ಕುಳಿತಿರುವವರಿಗೆ ಮೊದಲು ಹೊಳೆಯಬೇಕಾದುದು ‘ಲಿಸನ್’, ಎಂದರೆ ‘ಕೇಳು’ ಎಂಬ ಶಬ್ದ. ಅದೇ ಅಕ್ಷರಗಳನ್ನು ಬೇರೊಂದು ವರಸೆಯಲ್ಲಿ ಇರಿಸಿದರೆ ‘ಸೈಲೆಂಟ್’, ಮೌನವಾಗಿರುವ ಎಂಬರ್ಥ. ಇನ್ನೊಂದು ವರಸೆಯಲ್ಲಿ ‘ಎನ್‌ಲಿಸ್ಟ್’, ಸೈನ್ಯಕ್ಕೆ ಸೇರು ಎಂಬುದು. ಮತ್ತೊಂದರಲ್ಲಿ ‘ಟಿನ್ಸೆಲ್’, ಥಳಥಳಿಸುವ ಬೇಗಡೆ. ಆರು ಅಕ್ಷರಗಳನ್ನು ಜೋಡಿಸುವ ಕ್ರಮಗಳು ಒಟ್ಟು ೭೨೦. ಅವುಗಳಲ್ಲಿ ಶಬ್ದವೆನಿಸಿಕೊಳ್ಳುವುವು ಬೆರಳೆಣಿಕೆಯಷ್ಟು. ಉಳಿದುವೆಲ್ಲವೂ ಬಾಯಿಗೆ ಬಾರದ ಅಕ್ಷರರಾಶಿಗಳು.

ಇದನ್ನು ಮಕ್ಕಳ ಆಟವೆಂದು ತಳ್ಳಿಬಿಡಬಹುದು. ಆದರೆ ಈ ಆಟದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಒಂದು, ಇಂಥ ಅಕ್ಷರಗಳುಳ್ಳ ಶಬ್ದವನ್ನು ಕಂಡುಹಿಡಿಯುವುದು ಹೇಗೆ? ಇನ್ನೊಂದು, ‘ಅಂಥ ಶಬ್ದವು ಇಲ್ಲ’ ಎಂದು ಯಾರಾದರೂ ನಿಶ್ಚಯವಾಗಿ ಹೇಳಬಲ್ಲರೇ? ಮೊದಲನೆಯ ಪ್ರಶ್ನೆಗೆ ಜಾಣನಾದವನು ಉತ್ತರ ಕೊಡಬಲ್ಲನು. ಎರಡನೆಯದಕ್ಕೆ ಜಾಣತನವೊಂದೇ ಸಾಲದು. ಈ ಎರಡು ಪ್ರಶ್ನೆಗಳನ್ನು ಇಂಗ್ಲೀಷು ಬಲ್ಲವರು ಕಳೆದ ನಾಲ್ಕು ನೂರು ವರ್ಷಗಳಲ್ಲಿ ಹೇಗೆ ಎದುರಿಸಿದರೆಂಬುದನ್ನು ನಾವು ಈಗ ವಿಚಾರಿಸೋಣ.

ಈ ಬಗೆಯ ಆಟ ಇಂಗ್ಲೀಷಿಗೆ ಏಕೆ ಒಗ್ಗಿತೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಇಂಗ್ಲೀಷಿನಲ್ಲಿ ಸ್ವರವೂ ವ್ಯಂಜನವೂ ಬಿಡಿಬಿಡಿಯಾದ ಕಲ್ಲುಗಳಂತೆ ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ. ಯಾವುದನ್ನು ಎಲ್ಲಿಗೆ ಎತ್ತಿಟ್ಟರೂ ಅದರ ಆಕಾರ ಕೆಡುವುದಿಲ್ಲ. ನಮ್ಮ ಬರವಣಿಗೆಯ ರೀತಿ ಬೇರೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ವರ್ಣಗಳು ಬೆಸೆದುಕೊಂಡಿವೆ. ಅವುಗಳನ್ನು ಬಿಡಿಸಿ ಬೇರೆ ಕಡೆ ಇರಿಸಿದರೆ ಅಕ್ಷರವೇ ಮಾಯವಾಗುವುದು. ಆದ್ದರಿಂದ ನಮ್ಮ ಚಿತ್ರಕವಿಗಳು ಅಕ್ಷರವನ್ನು ಒಡೆಯದೆ ಇಡಿಯಾಗಿಯೇ ಆಡಿಸಿದರು. ‘ವಿಕಟಕವಿ’ ಎಂಬುದನ್ನು ಹಿಂದುಮುಂದಾಗಿ ಓದುವ ವಿನೋದವು ಎಲ್ಲರಿಗೂ ಪರಿಚಿತವಾಗಿದೆ. ಬಿಡಿ ಅಕ್ಷರಗಳನ್ನು ಕಲಸಿ ಬೇರೆ ಶಬ್ದವನ್ನು ಕಟ್ಟುವ ಆಟಕ್ಕೆ ಯೂರೋಪಿನ ಲಿಪಿಗಳು ಹೆಚ್ಚು ಅನುಕೂಲವಾದುವು. ಅದಕ್ಕೆ ಇಂಗ್ಲೀಷರು ‘ಅನಗ್ರಾಂ’ ಎಂದು ಹೆಸರಿಟ್ಟಿರುವರು. ಗ್ರೀಕ್ ಮೂಲದಿಂದ ಬಂದ ಶಬ್ದವದು.

ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಈ ಅನಗ್ರಾಮಿನ ಹುಚ್ಚು ವಿದ್ಯಾವಂತರನ್ನು ಬಲವಾಗಿ ಹಿಡಿದಿದ್ದಿತು. ಚರಿತ್ರಕಾರನಾದ ವಿಲಿಯಂ ಕ್ಯಾಮ್ಡನ್ನನು ೧೬೦೫ರಲ್ಲಿ ಪ್ರಕಟಿಸಿದ ಬ್ರಿಟನ್ ದೇಶದ ವಿಷಯವಾದ ಗ್ರಂಥದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟನು. ಒಬ್ಬನ ಹೆಸರಿನ ಅಕ್ಷರಗಳಲ್ಲಿ ಅವನ ಗುಣವೂ ಭವಿಷ್ಯವೂ ಅಡಗಿವೆಯೆಂದು ನಂಬುವವರಿದ್ದರು. ಆ ನಂಬಿಕೆಯ ಬೆಲೆ ಎಷ್ಟೆಂಬುದನ್ನು ಒಬ್ಬ ಮಹಿಳೆಯ ಕಥೆಯಿಂದ ತಿಳಿಯಬಹುದು.

ಎಲಿನರ್ ಡೇವಿಸ್ ಎಂಬ ಕುಲೀನ ಮಹಿಳೆ ತನ್ನನ್ನು ದೈವವಾಣಿಯ ವಾಹಕಳೆಂದು ಭಾವಿಸಿದ್ದಳು. ಆಕೆಯ ತವರಿನ ಹೆಸರು ಆಡ್ಲಿ. ಆ ಕಾಲದಲ್ಲಿ ಕಾಗುಣಿತ ಸಡಿಲವಾಗಿದ್ದಿತು. ಯು, ವಿ ಎಂಬ ಅಕ್ಷರಗಳಲ್ಲಿ ಭೇದವೆಣಿಸುತ್ತಿರಲಿಲ್ಲ. ತನ್ನ ಪೂರ್ಣನಾಮದ ಹದಿನಾಲ್ಕು ಅಕ್ಷರಗಳನ್ನು ಮರಳಿ ಜೋಡಿಸಿದಾಗ ಆಕೆಗೆ ‘ಪ್ರಕಟಿಸು, ಎಲೈ ದಾನಿಯೇಲನೇ’ ಎಂಬ ಅರ್ಥದ ಇಂಗ್ಲೀಷ್ ಮಾತು ದೊರೆಯಿತು. ಬೈಬಲ್ಲಿನ ಪ್ರವಾದಿಯಾದ ದಾನಿಯೇಲನ ಆತ್ಮವೇ ತನ್ನೊಳಗೆ ಇದೆಯೆಂದು ಆಕೆ ಸಾರಿದಳು. ಭವಿಷ್ಯದ ಪುಸ್ತಕಗಳನ್ನೂ ಅಚ್ಚು ಹಾಕಿಸಿದಳು. ೧೬೩೩ರಲ್ಲಿ ಆಕೆಯನ್ನು ಧರ್ಮವಿಷಯಕವಾದ ಉಚ್ಚ ನ್ಯಾಯಸಭೆಯ ಮುಂದೆ ನಿಲ್ಲಿಸಿದರು. ಅಲ್ಲಿದ್ದ ಸರ್ ಜಾನ್ ಲ್ಯಾಂಬ್ ಎಂಬ ನ್ಯಾಯವಿದನು ಆಕೆಯ ಹೆಸರನ್ನು ಗೌರವಪದದೊಡನೆ ಬರೆದುಕೊಂಡು, ಅದೇ ಅಕ್ಷರಗಳಿಂದ ‘ಇಷ್ಟು ಹುಚ್ಚಿಯಾದ ಮಹಿಳೆ ಎಂದೂ ಇರಲಿಲ್ಲ’ ಎಂಬರ್ಥದ ಮಾತನ್ನು ಕಟ್ಟಿ ಓದಿದನೆಂದೂ, ನ್ಯಾಯಸಭೆಯಲ್ಲಿ ನಗೆಯೆದ್ದಿತೆಂದೂ ಪೀಟರ್ ಹೇಲಿನ್ ಎಂಬ ಆ ಶತಮಾನದ ಚರಿತ್ರಕಾರನು ಬರೆದಿರುವನು. ಆಕೆಗೆ ಮೂರು ಸಾವಿರ ಪೌಂಡ್ ದಂಡವೂ ಸೆರೆಮನೆಯೂ ಪ್ರಾಪ್ತವಾದುವು.

ನಗೆ ಒಂದು ಪಕ್ಕಕ್ಕಿರಲಿ. ಅಕ್ಷರಗಳು ಎರಡು ಕಡೆಗೂ ಸಾಕ್ಷಿ ನುಡಿದುವೆಂಬುದನ್ನು ನಾವು ಗಮನಿಸಬೇಕು. ಆಕೆಯ ಜೋಡಣೆ ಆಕೆ ಪ್ರವಾದಿನಿಯೆಂಬುದನ್ನು ಸ್ಥಾಪಿಸಲಿಲ್ಲ. ಆತನ ಜೋಡಣೆ ಆಕೆ ಹುಚ್ಚಿಯೆಂಬುದನ್ನೂ ಸ್ಥಾಪಿಸಲಿಲ್ಲ. ಹದಿನಾಲ್ಕು ಹದಿನಾರು ಅಕ್ಷರಗಳಿದ್ದರೆ ಜೋಡಿಸುವ ಕ್ರಮಗಳು ಕೋಟಿಗಟ್ಟಲೆ. ಅಷ್ಟರಲ್ಲಿ ಬೇಕಾದ ಅರ್ಥವೊಂದು ಸಿಕ್ಕುವುದು ಆಶ್ಚರ್ಯವಲ್ಲ. ಹುಡುಕುವವನು ತನ್ನ ಮನಸ್ಸಿನಲ್ಲಿ ಇದ್ದುದನ್ನೇ ಅಲ್ಲಿ ಕಂಡನು.

ಇದೇ ಕಷ್ಟವನ್ನು ಒಬ್ಬ ವಿಜ್ಞಾನಿ ತನ್ನ ಅನುಕೂಲಕ್ಕೆ ತಿರುಗಿಸಿಕೊಂಡನು. ರಾಬರ್ಟ್ ಹುಕ್ ಎಂಬವನು ಸ್ಥಿತಿಸ್ಥಾಪಕತ್ವದ ನಿಯಮವನ್ನು ಕಂಡುಕೊಂಡಿದ್ದನು. ಕೂಡಲೇ ಪ್ರಕಟಿಸಿದರೆ ಇತರರು ಅದನ್ನು ಬಳಸಿಕೊಂಡಾರು. ಪ್ರಕಟಿಸದಿದ್ದರೆ ಮೊದಲು ಕಂಡ ಕೀರ್ತಿ ಕೈತಪ್ಪೀತು. ಆದ್ದರಿಂದ ೧೬೭೬ರಲ್ಲಿ ಆ ನಿಯಮವನ್ನು ಲ್ಯಾಟಿನ್ನಿನ ಒಂದು ಪುಟ್ಟ ವಾಕ್ಯವಾಗಿ ಮಾಡಿ, ಅದರ ಹದಿನಾಲ್ಕು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ, ಸಿ ಒಂದು, ಇ ಒಂದು, ಐ ಮೂರು, ಎನ್ ಒಂದು ಎಂಬ ಹಾಗೆ ಸಾಲಾಗಿ ಅಚ್ಚು ಹಾಕಿಸಿದನು. ಎರಡು ವರ್ಷಗಳ ತರುವಾಯ ೧೬೭೮ರಲ್ಲಿ ಗುಟ್ಟನ್ನು ಬಿಡಿಸಿ ಹೇಳಿದನು: ಎಳೆತ ಎಷ್ಟೋ ಬಲವೂ ಅಷ್ಟು. ಶಬ್ದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಇರಿಸುವ ಈ ಉಪಾಯವನ್ನು ಕೇಳುವವರು ನೆನಪಿನಲ್ಲಿಡಬೇಕು. ಅದು ಹುಕ್ಕನಿಗೆ ಬಚ್ಚಿಡುವ ಸಾಧನವಾಗಿತ್ತು. ಮುಂದೆ ಅದೇ ಕಂಡುಹಿಡಿಯುವ ಸಾಧನವಾಯಿತು.

ಶಬ್ದವನ್ನು ಹುಡುಕಬೇಕಾದರೆ ನಿಘಂಟನ್ನು ತೆರೆಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಇಂಗ್ಲೀಷಿನ ಶಬ್ದಗಳಿಗೆ ಇಂಗ್ಲೀಷಿನಲ್ಲಿಯೇ ಅರ್ಥ ಹೇಳುವ ಮೊದಲನೆಯ ನಿಘಂಟನ್ನು ರಾಬರ್ಟ್ ಕಾಡ್ರಿ ಎಂಬ ಉಪಾಧ್ಯಾಯನು ೧೬೦೪ರಲ್ಲಿ ಹೊರತಂದನು. ಅದರಲ್ಲಿದ್ದುವು ಸುಮಾರು ಎರಡೂವರೆ ಸಾವಿರ ಕಠಿಣ ಶಬ್ದಗಳು. ಅಕಾರಾದಿ ಕ್ರಮವು ಆಗಿನ ಓದುಗರಿಗೆ ಎಷ್ಟು ಹೊಸದಾಗಿದ್ದಿತೆಂದರೆ, ಎ ಎಂಬುದರಿಂದ ಮೊದಲಾಗುವ ಶಬ್ದವನ್ನು ಪುಸ್ತಕದ ಆರಂಭದಲ್ಲಿಯೂ ವಿ ಎಂಬುದರಿಂದ ಮೊದಲಾಗುವುದನ್ನು ಕೊನೆಯ ಕಡೆಯಲ್ಲಿಯೂ ನೋಡಬೇಕೆಂದು ಕಾಡ್ರಿ ತನ್ನ ಪೀಠಿಕೆಯಲ್ಲಿ ವಿವರಿಸಬೇಕಾಯಿತು.

ನಿಘಂಟಿನ ಕ್ರಮವೆಂಬುದು ಪ್ರಕೃತಿಯಿಂದ ಬಂದುದಲ್ಲ. ಕೇಳುವ ಪ್ರಶ್ನೆಗೆ ತಕ್ಕಂತೆ ಮನುಷ್ಯರು ಮಾಡಿಕೊಂಡ ಏರ್ಪಾಡು. ನಮ್ಮ ದೇಶದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಅಮರಕೋಶವು ಸ್ವರ್ಗ, ಭೂಮಿ, ಪುರ, ವನ ಎಂದು ವಿಷಯಗಳಿಗನುಸಾರವಾಗಿ ಶಬ್ದಗಳನ್ನು ಕೂಡಿಸಿದೆ. ಒಂದು ಅರ್ಥಕ್ಕೆ ಎಷ್ಟು ಶಬ್ದಗಳುಂಟೆಂದು ಬಯಸುವ ಕವಿಗೆ ಅದು ಕಾಮಧೇನು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಮಹೇಶ್ವರನು ರಚಿಸಿದ ವಿಶ್ವಪ್ರಕಾಶವೆಂಬ ಸಂಸ್ಕೃತ ಕೋಶದಲ್ಲಿ ಶಬ್ದದ ಕೊನೆಯ ವ್ಯಂಜನವನ್ನೂ ಅಕ್ಷರಸಂಖ್ಯೆಯನ್ನೂ ಹಿಡಿದು ವರ್ಗಗಳನ್ನು ಮಾಡಿರುವರು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ ನಿಘಂಟು ಆದ್ಯಕ್ಷರದ ಕ್ರಮವನ್ನು ಅನುಸರಿಸುತ್ತದೆ. ಈ ಮೂರೂ ಉತ್ತಮ ಕೋಶಗಳೇ. ಆದರೆ ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ಅದು ಮೂಕವಾಗಿ ಕುಳಿತುಬಿಡುತ್ತದೆ.

ಇಂಗ್ಲೀಷಿನಲ್ಲಿಯೂ ಕೊನೆಯ ಅಕ್ಷರದಿಂದ ಹುಡುಕುವ ಅವಶ್ಯಕತೆ ಪ್ರಾಸದ ಕಾರಣದಿಂದ ಉಂಟಾಯಿತು. ೧೭೭೫ರಲ್ಲಿ ಜಾನ್ ವಾಕರ್ ಎಂಬ ವಿದ್ವಾಂಸನು ಶಬ್ದಗಳ ಕೊನೆಯಿಂದ ಹಿಂದಕ್ಕೆ ಅಕ್ಷರಗಳನ್ನೆಣಿಸಿ ಒಂದು ನಿಘಂಟನ್ನು ಸಿದ್ಧಪಡಿಸಿದನು. ಇದರಿಂದ ಶಬ್ದದ ತಲೆ ಗೊತ್ತಿದ್ದವನಿಗೂ ಕಾಲು ಗೊತ್ತಿದ್ದವನಿಗೂ ದಾರಿಯಾಯಿತು. ನಡು ಮಾತ್ರ ಗೊತ್ತಿದ್ದವನು ಏನು ಮಾಡಬೇಕು?

ನಡುವನ್ನೇ ಹಿಡಿದು ಆಟ ಹೂಡಿದವನು ಲ್ಯೂಯಿ ಕ್ಯಾರಲ್. ಆಲಿಸಳ ಅದ್ಭುತಕಥೆಯನ್ನು ಬರೆದವನೆಂದು ಲೋಕಪ್ರಸಿದ್ಧನಾದ ಈತನ ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್. ವೃತ್ತಿಯಿಂದ ಆಕ್ಸ್‌ಫರ್ಡಿನಲ್ಲಿ ಗಣಿತಶಾಸ್ತ್ರದ ಉಪನ್ಯಾಸಕ. ೧೮೮೧ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಈತನು ‘ಮಿಶ್‌ಮ್ಯಾಶ್’ ಎಂಬ ಆಟವನ್ನು ಪ್ರಕಟಿಸಿದನು. ಒಬ್ಬನು ಎರಡು ಅಥವಾ ಹೆಚ್ಚು ಅಕ್ಷರಗಳ ಒಂದು ಬೀಜವನ್ನು ಒಡ್ಡುವನು. ಇನ್ನೊಬ್ಬನು ಆ ಅಕ್ಷರಗಳು ಅದೇ ವರಸೆಯಲ್ಲಿ ಒತ್ತಾಗಿ ಬರುವ ಇಂಗ್ಲೀಷ್ ಶಬ್ದವನ್ನು ಹೇಳಬೇಕು. ಜಿ, ಪಿ ಎಂದು ಕೊಟ್ಟರೆ ‘ಮ್ಯಾಗ್‌ಪೈ’ ಎಂಬ ಪಕ್ಷಿಯ ಹೆಸರು ಉತ್ತರ. ಇ, ಎಂ, ಒ ಎಂದರೆ ‘ಲೆಮನ್’, ನಿಂಬೆ. ಕೇಳಿದ ಮೇಲೆ ಸುಲಭವೆನಿಸುವ ಈ ಉತ್ತರಗಳು ಕೇಳುವ ಮೊದಲು ಹೊಳೆಯುವುದು ಕಷ್ಟ. ನಮ್ಮ ಮನಸ್ಸು ಶಬ್ದವನ್ನು ತಲೆಯಿಂದ ಹಿಡಿದು ಎತ್ತುವ ಅಭ್ಯಾಸವುಳ್ಳದ್ದು.

ಈ ಆಟದ ನಿಯಮಗಳಲ್ಲಿ ಗಣಿತಜ್ಞನ ಕೈವಾಡ ಕಾಣುವುದು. ಬೀಜವನ್ನು ಒಡ್ಡುವವನಿಗೆ ಅದರ ಉತ್ತರ ಗೊತ್ತಿರಲೇಬೇಕೆಂಬ ನಿರ್ಬಂಧವಿಲ್ಲ. ಉತ್ತರ ಹೇಳಬೇಕಾದವನು ಅಂಥ ಶಬ್ದವೇ ಇಲ್ಲವೆಂದು ತೀರ್ಮಾನಕ್ಕೆ ಬರಬಹುದು. ಹಾಗೆಂದು ಹೇಳುವುದಕ್ಕೆ ಅವನಿಗೆ ಆಧಾರವೇನು? ಆತನ ನೆನಪಿಗೆ ಬಾರದುದೆಲ್ಲ ಇಲ್ಲವೆಂದಾಗುವುದೇ? ನಿಜವಾಗಿ ತಿಳಿಯಬೇಕಾದರೆ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ೧೭೫೫ರ ಜಾನ್ಸನ್ನನ ನಿಘಂಟಿನಲ್ಲಿ ಸುಮಾರು ೪೨,೦೦೦ ಶಬ್ದಗಳಿವೆ. ಕ್ಷಣಕ್ಕೊಂದು ಶಬ್ದದಂತೆ ಕಣ್ಣು ಹಾಯಿಸಿದರೂ ಹನ್ನೊಂದು ಗಂಟೆ ನಲವತ್ತು ನಿಮಿಷ ಹಿಡಿಯುವುದು. ೧೮೮೪ರಿಂದ ೧೯೨೮ರವರೆಗೆ ಭಾಗಭಾಗವಾಗಿ ಹೊರಬಿದ್ದ ಆಕ್ಸ್‌ಫರ್ಡ್ ಮಹಾನಿಘಂಟಿನ ನಾಲ್ಕು ಲಕ್ಷಕ್ಕೂ ಮಿಕ್ಕ ಶಬ್ದಗಳನ್ನು ಹಾಗೆಯೇ ನೋಡಲು ನಿದ್ರಾಹಾರಗಳಿಲ್ಲದೆ ನಾಲ್ಕು ಹಗಲು ನಾಲ್ಕು ಇರುಳು ಸಾಲದೆ ಐದನೆಯ ದಿನಕ್ಕೆ ದಾಟಬೇಕಾಗುವುದು. ಒಂದು ‘ಇಲ್ಲ’ ಎಂಬ ಮಾತಿಗೆ ತೆರಬೇಕಾದ ಬೆಲೆ ಇದು.

ವಿದ್ವಾಂಸರ ಕೊಠಡಿಯಲ್ಲಿದ್ದ ಈ ವಿನೋದವು ಬೀದಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಆರ್ಥರ್ ವಿನ್ ಎಂಬ ಪತ್ರಿಕಾಕರ್ತನು ೧೯೧೩ನೆಯ ಇಸವಿ ಡಿಸೆಂಬರ್ ೨೧ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕಾರದ ಒಂದು ಪದಬಂಧವನ್ನು ಅಚ್ಚು ಹಾಕಿಸಿದನು. ೧೯೨೪ರಲ್ಲಿ ಪದಬಂಧಗಳ ಪುಸ್ತಕವು ಹೊರಟಮೇಲೆ ಆ ದೇಶದಲ್ಲೆಲ್ಲ ಇದು ಸಾಂಕ್ರಾಮಿಕ ಜ್ವರದಂತೆ ಹಬ್ಬಿತು. ಪದಬಂಧದಲ್ಲಿ ಒಂದು ಶಬ್ದದ ಮೂರನೆಯ ಮನೆಯಲ್ಲಿ ಎ, ಆರನೆಯ ಮನೆಯಲ್ಲಿ ಟಿ ಎಂಬಂತೆ ಚೆದರಿದ ಅಕ್ಷರಗಳು ತಿಳಿದಿರುತ್ತವೆ; ಉಳಿದುದನ್ನು ತುಂಬಬೇಕು. ಶಬ್ದಗಳನ್ನು ಉದ್ದಕ್ಕನುಸಾರವಾಗಿ ವಿಂಗಡಿಸಿದ ಹೊಸ ಬಗೆಯ ಕೋಶಗಳು ಇದಕ್ಕಾಗಿಯೇ ಹುಟ್ಟಿಕೊಂಡುವು. ವಿಶ್ವಪ್ರಕಾಶಕಾರನು ಅಕ್ಷರಸಂಖ್ಯೆಯನ್ನು ಲೆಕ್ಕ ಹಾಕಿದ್ದುದು ನಮಗೆ ಇಲ್ಲಿ ನೆನಪಾಗುವುದು.

ಪದಬಂಧವನ್ನು ಕಾಲಹರಣವೆಂದು ಹಳಿದವರು ಅನೇಕರು. ಅವರಿಗೆ ಯುದ್ಧಕಾಲವು ಬೇರೊಂದು ಉತ್ತರವನ್ನು ಕೊಟ್ಟಿತು. ೧೯೪೨ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಕಾರ್ಯಾಲಯದಲ್ಲಿ ಒಂದು ಪಂದ್ಯ ನಡೆಯಿತು: ಅಲ್ಲಿಯೇ ಕುಳಿತು ಹನ್ನೆರಡು ನಿಮಿಷಗಳೊಳಗೆ ಪದಬಂಧವನ್ನು ಬಿಡಿಸಬೇಕು. ಅದರಲ್ಲಿ ಭಾಗವಹಿಸಿದವರಲ್ಲಿ ಕೆಲವರಿಗೆ ಆಮೇಲೆ ಸರ್ಕಾರದಿಂದ ಗುಟ್ಟಾದ ಕರೆ ಬಂದಿತು. ಅವರು ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗೂಢಲಿಪಿಯನ್ನು ಭೇದಿಸುವ ಕಾರ್ಯಕ್ಕೆ ಸೇರಿದರು. ಅರ್ಥವಿಲ್ಲದ ಅಕ್ಷರರಾಶಿಯ ಹಿಂದೆ ಯಾವ ಶಬ್ದವಿರಬಹುದೆಂದು ಊಹಿಸಿ, ಆ ಊಹೆಯನ್ನು ತಾಳ್ಮೆಯಿಂದ ಪರೀಕ್ಷಿಸುವ ಶಕ್ತಿ ಅಲ್ಲಿ ಬೇಕಾಗಿದ್ದಿತು. ಎಲಿನರ್ ಡೇವಿಸಳ ಕಾಲದವರು ಊಹಿಸಿದರೇ ಹೊರತು ಪರೀಕ್ಷಿಸಲಿಲ್ಲ. ಎರಡು ಕಾಲಗಳಿಗೂ ಇರುವ ಅಂತರ ಇಷ್ಟೇ, ಆದರೆ ಅದು ಬಹು ದೊಡ್ಡದು.

ಇದೇ ಅವಧಿಯಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವನ್ನು ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದನು. ಅಕ್ಷರಗಳ ಬಿಲ್ಲೆಗಳಿಂದ ಶಬ್ದ ಕಟ್ಟುವ ಒಂದು ಆಟವನ್ನು ಅವನು ಯೋಚಿಸಿದನು. ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆಗಳಿರಬೇಕು? ಇದನ್ನು ಊಹೆಗೆ ಬಿಡದೆ, ವೃತ್ತಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಎಣಿಸಿದನು. ೧೯೪೮ರಲ್ಲಿ ಜೇಮ್ಸ್ ಬ್ರೂನೋ ಎಂಬವನ ಸಹಾಯದಿಂದ ‘ಸ್ಕ್ರಾಬಲ್’ ಎಂಬ ಹೆಸರಿನಲ್ಲಿ ಅದು ಹೊರಬಂದಿತು. ಅದರ ನೂರು ಬಿಲ್ಲೆಗಳಲ್ಲಿ ಇ ಎಂಬ ಅಕ್ಷರಕ್ಕೆ ಹನ್ನೆರಡು, ಕ್ಯೂ ಎಂಬುದಕ್ಕೆ ಒಂದೇ ಒಂದು. ಎಸ್ ಎಂಬುದು ಪದೇಪದೇ ಬರುವ ಅಕ್ಷರವಾದರೂ ಅದಕ್ಕೆ ದೊರೆತುವು ನಾಲ್ಕೇ ಬಿಲ್ಲೆಗಳು. ಹೆಚ್ಚಾಗಿದ್ದರೆ ಎಲ್ಲರೂ ಅದನ್ನು ಶಬ್ದದ ಕೊನೆಗಂಟಿಸಿ ಬಹುವಚನ ಮಾಡಿಬಿಡುವರು.

ಇನ್ನು ನಮ್ಮ ಎರಡನೆಯ ಪ್ರಶ್ನೆಗೆ, ‘ಇಲ್ಲ’ ಎಂದು ಹೇಳುವ ಪ್ರಶ್ನೆಗೆ, ಮರಳೋಣ. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನ ಸಂಪಾದಕರು ಶಬ್ದಗಳನ್ನು ಹಿಂದುಮುಂದಾಗಿ ಬೆರಳಚ್ಚು ಮಾಡಿಸಿದ ಸುಮಾರು ೩,೧೫,೦೦೦ ಚೀಟಿಗಳನ್ನು ದಶಕಗಳ ಕಾಲ ಕೂಡಿಹಾಕಿದರು. ವಾಕರನು ಒಬ್ಬನೇ ಮಾಡಿದ ಕೆಲಸದ ವಿಸ್ತಾರವಾದ ರೂಪವದು. ಮನುಷ್ಯನ ಕೈಗೆ ಸಾಧ್ಯವಾದ ಎಲ್ಲೆಯೂ ಬಹುಶಃ ಅದೇ. ಅಲ್ಲಿಂದ ಮುಂದಿನ ಭಾರವನ್ನು ಗಣಕಯಂತ್ರವು ಹೊತ್ತುಕೊಂಡಿತು. ಕೆನ್ ಥಾಂಪ್ಸನ್ ಎಂಬವರು ೧೯೭೩ರ ಸುಮಾರಿಗೆ ರಚಿಸಿದ ‘ಗ್ರೆಪ್’ ಎಂಬ ಆದೇಶವು, ಶಬ್ದಗಳ ಪಟ್ಟಿಯಲ್ಲಿ ಕೊಟ್ಟ ಅಕ್ಷರಗಳು ಒತ್ತಾಗಿ ಬರುವ ಸಾಲುಗಳನ್ನೆಲ್ಲ ಹೆಕ್ಕಿಕೊಡುವುದು. ಕ್ಯಾರಲ್ಲನ ಆಟವನ್ನು ಇದು ಕಣ್ಣೆವೆ ಇಕ್ಕುವುದರೊಳಗೆ ಮುಗಿಸುವುದು.

ಅಕ್ಷರಗಳ ವರಸೆ ಗೊತ್ತಿಲ್ಲದಾಗ ಉಪಾಯವೇನು? ಆರು ಅಕ್ಷರಗಳ ೭೨೦ ಜೋಡಣೆಗಳನ್ನೂ ಪರೀಕ್ಷಿಸಬಹುದು. ಆದರೆ ಹತ್ತು ಬೇರೆ ಬೇರೆ ಅಕ್ಷರಗಳಾದರೆ ಜೋಡಣೆಗಳು ೩೬,೨೮,೮೦೦. ಯಂತ್ರಕ್ಕೂ ಇದು ವ್ಯರ್ಥ ಶ್ರಮ. ಬೆಲ್ ಪ್ರಯೋಗಶಾಲೆಯ ಜಾನ್ ಬೆಂಟ್ಲಿಯವರು ೧೯೮೩ರ ಒಂದು ಲೇಖನದಲ್ಲಿ ಸರಳವಾದ ದಾರಿಯನ್ನು ವಿವರಿಸಿದರು. ನಿಘಂಟಿನ ಪ್ರತಿಯೊಂದು ಶಬ್ದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಇರಿಸಿ, ಅದನ್ನು ಆ ಶಬ್ದದ ಗುರುತುಚೀಟಿಯನ್ನಾಗಿ ಮಾಡಬೇಕು. ಅನಂತರ ಒಂದೇ ಗುರುತುಳ್ಳ ಶಬ್ದಗಳನ್ನು ಒಂದೆಡೆ ಸೇರಿಸಬೇಕು. ನಾವು ಮೊದಲಲ್ಲಿ ಹೇಳಿದ ಇ, ಐ, ಎಲ್, ಎನ್, ಎಸ್, ಟಿ ಎಂಬುದು ಅಂಥದೊಂದು ಗುರುತುಚೀಟಿ. ‘ಲಿಸನ್’, ‘ಸೈಲೆಂಟ್’, ‘ಎನ್‌ಲಿಸ್ಟ್’, ‘ಟಿನ್ಸೆಲ್’ ಇವೆಲ್ಲವೂ ಆ ಒಂದೇ ಚೀಟಿಯ ಕೆಳಗೆ ಬಂದು ನಿಲ್ಲುತ್ತವೆ. ಹುಕ್ಕನು ಒಂದು ವಾಕ್ಯವನ್ನು ಬಚ್ಚಿಡಲು ಮಾಡಿದುದನ್ನು ಇಲ್ಲಿ ಇಡೀ ನಿಘಂಟಿಗೆ ಮಾಡಿದರು. ಆಗ ಬಚ್ಚಿಟ್ಟುದೆಲ್ಲ ಬಯಲಾಯಿತು. ಹೊಸ ಜಾಣತನವೇನೂ ಬೇಕಾಗಲಿಲ್ಲ. ಪ್ರಶ್ನೆಗೆ ತಕ್ಕಂತೆ ಸಾಮಗ್ರಿಯನ್ನು ಒಪ್ಪವಾಗಿ ಜೋಡಿಸಿದುದರಿಂದಲೇ ಕೆಲಸ ಕೈಗೂಡಿತು. ಅಮರಸಿಂಹನೂ ಮಹೇಶ್ವರನೂ ಕಾಡ್ರಿಯೂ ವಾಕರನೂ ತಮ್ಮತಮ್ಮ ಪ್ರಶ್ನೆಗಳಿಗಾಗಿ ಮಾಡಿದುದೂ ಇದನ್ನೇ.

ಹೀಗಿರಲಾಗಿ ಯಂತ್ರವು ‘ಇಲ್ಲ’ ಎಂದರೆ ಇಲ್ಲವೆಂದೇ ನಂಬಬಹುದೇ? ಅದರ ಮಾತಿಗೆ ‘ಈ ಪಟ್ಟಿಯಲ್ಲಿ’ ಎಂಬುದನ್ನು ನಾವು ಸೇರಿಸಿಕೊಳ್ಳಬೇಕು. ಕ್ಯಾರಲ್ಲನ ಆಟದಲ್ಲಿ ಎಲ್, ಇ, ವಿ, ಐ, ಎಸ್, ಐ ಎಂಬ ಬೀಜವನ್ನು ಒಡ್ಡೋಣ. ಇಂದು ಯಾರಾದರೂ ‘ಟೆಲಿವಿಷನ್’ ಎಂದು ಉತ್ತರ ಕೊಟ್ಟಾರು. ೧೮೮೧ರಲ್ಲಿ ಆ ಶಬ್ದವೇ ಹುಟ್ಟಿರಲಿಲ್ಲ. ೧೯೦೦ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ವಿದ್ಯುತ್ ಸಮ್ಮೇಳನದಲ್ಲಿ ಅದು ಮೊದಲು ಕೇಳಿಬಂದಿತು. ಅಂದು ‘ಟೆಲಿವಿಷನ್’ ಎಂಬ ಉತ್ತರವನ್ನು ಯಾರೂ ಒಪ್ಪುತ್ತಿರಲಿಲ್ಲ. ಭಾಷೆ ಬೆಳೆಯುವವರೆಗೂ ‘ಇಲ್ಲ’ ಎಂಬುದು ಆ ದಿನದ ಮಾತೇ ಹೊರತು ಎಂದೆಂದಿನ ಮಾತಲ್ಲ.

ಇನ್ನೊಂದು ಎಚ್ಚರವನ್ನೂ ನಾವು ಇಟ್ಟುಕೊಳ್ಳಬೇಕು. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಎಂಬವರು ಸ್ಕ್ರಾಬಲ್ ಆಟದಲ್ಲಿ ಜಗತ್ತಿನಲ್ಲಿಯೇ ಅಗ್ರಗಣ್ಯರು. ೨೦೧೫ರಲ್ಲಿ ಅವರು ಫ್ರೆಂಚ್ ಭಾಷೆಯ ಸ್ಕ್ರಾಬಲ್ ಪಂದ್ಯದಲ್ಲಿ ಜಗಜ್ಜಟ್ಟಿಯಾದರು. ಫ್ರೆಂಚ್ ಮಾತನಾಡಲು ಅವರಿಗೆ ಬಾರದು. ಕೆಲವೇ ವಾರಗಳಲ್ಲಿ ಶಬ್ದಗಳ ಪಟ್ಟಿಯನ್ನು ಅಕ್ಷರರೂಪದಲ್ಲಿ ಕಂಠಪಾಠ ಮಾಡಿದ್ದರು. ಇದು ಅಸಾಧಾರಣವಾದ ಸಾಧನೆ, ಮೆಚ್ಚದಿರುವುದು ಸಾಧ್ಯವಿಲ್ಲ. ಆದರೆ ಶಬ್ದವನ್ನು ಹುಡುಕುವುದು ಬೇರೆ, ಶಬ್ದವನ್ನು ಅರಿಯುವುದು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ಮತ್ತೊಂದಿಲ್ಲ. ಅಕ್ಷರಗಳಲ್ಲಿ ಇಲ್ಲದ ಅರ್ಥವನ್ನು ಹುಡುಕಿ ಎಲಿನರ್ ಡೇವಿಸ್ ಕೆಟ್ಟಳು. ಅರ್ಥವನ್ನು ಪೂರ್ತಿಯಾಗಿ ಬಿಟ್ಟು ಅಕ್ಷರಗಳಿಂದಲೇ ಗೆಲ್ಲಬಹುದೆಂದು ರಿಚರ್ಡ್ಸ್ ತೋರಿಸಿದರು. ನಮ್ಮ ನಿಮ್ಮಂಥವರ ವ್ಯವಹಾರವೆಲ್ಲ ಇವೆರಡರ ನಡುವಿನದು.

ಇಂದು ಶಾಲೆಯ ಬಾಲಕನೂ ಯಂತ್ರದ ಗುಂಡಿಯನ್ನೊತ್ತಿ ತನಗೆ ಬೇಕಾದ ಅಕ್ಷರಗಳುಳ್ಳ ಶಬ್ದಗಳನ್ನೆಲ್ಲ ಪಡೆಯಬಲ್ಲನು. ಅದನ್ನು ತಪ್ಪೆನ್ನುವುದಕ್ಕೆ ಕಾರಣವಿಲ್ಲ. ನಾಲ್ಕು ಶತಮಾನಗಳ ಶ್ರಮದ ಫಲವದು. ಆದರೆ ಗುಂಡಿಯನ್ನೊತ್ತುವ ಮೊದಲು ಐದು ನಿಮಿಷ ತಾನೇ ಯೋಚಿಸಿ ನೋಡಲಿ. ಸಿಕ್ಕಿದ ಶಬ್ದಗಳಲ್ಲಿ ತನಗೆ ತಿಳಿಯದ ಒಂದರ ಅರ್ಥವನ್ನಾದರೂ ನಿಘಂಟಿನಲ್ಲಿ ನೋಡಿಕೊಳ್ಳಲಿ. ಆ ಆರು ಅಕ್ಷರಗಳಿಂದ ನಾವು ಹೆಸರಿಸದೆ ಬಿಟ್ಟ ಶಬ್ದವೊಂದು ಇನ್ನೂ ಉಂಟು. ಸಮುದ್ರವು ನೆಲದೊಳಕ್ಕೆ ಚಾಚಿಕೊಂಡಿರುವ ಕಿರಿದಾದ ಕೊಲ್ಲಿಗಳೆಂದು ಅದರ ಅರ್ಥ. ಅದನ್ನು ಕಂಡುಹಿಡಿಯುವ ಕೆಲಸವನ್ನು ಕೇಳುತ್ತಿರುವ ಮಹನೀಯರಿಗೇ ಬಿಟ್ಟು ನಾವು ವಿರಮಿಸುವೆವು.